ಕರಣೆ

ನವೆಂಬರಿನಿಂದ ಮಾರ್ಚಿನವರೆಗೆ ಅಗೆತ.
ಉಳಿದ ತಿಂಗಳು ಮನಾಮಾದ ಉಗ್ರಾಣದಲ್ಲಿ,
ಹಳೇ ಎ.ಸಿ.ಯ ಗುಡುಗುಡು ಕೇಳುತ್ತ
ಬೋಕಿ ತೊಳೆದು, ಒಣಗಿಸಿ, ಬೆನ್ನಿಗೆ ನಂಬರು ಬರೆಯುವುದು.
ಇದಕ್ಕೆ ಪಿಎಚ್.ಡಿ. ಎಂದು ಹೆಸರು.
ಮೂರನೇ ವರ್ಷ. ಎರಡನೇ ಅಧ್ಯಾಯ.

ಆಲಿಯಲ್ಲಿ ದಿಬ್ಬಗಳು ಮನೆಗಳ ನಡುವೆಯೇ ಇವೆ:
ಗ್ಯಾರೇಜಿನ ಹಿಂದೊಂದು, ಮಸೀದಿಯ ಬಗಲಿಗೊಂದು,
ಇನ್ನೊಂದರ ನೆತ್ತಿಯಲ್ಲಿ ನಿಂತು ಹುಡುಗನೊಬ್ಬ
ಸಿಕ್ಕಾದ ಗಾಳಿಪಟದ ದಾರಕ್ಕೆ ಬೈಯುತ್ತಿದ್ದಾನೆ.
ನಾಲ್ಕು ಸಾವಿರ ವರ್ಷದ ಹೆಣಗಳು
ಪಾರ್ಕಿಂಗಿಗೆ ಜಾಗ ಬಿಡುತ್ತಿಲ್ಲವೆಂದು
ಟ್ಯಾಕ್ಸಿಯವನ ತಕರಾರು.

ನನ್ನ ಪಾಲಿಗೆ ಬಂದದ್ದು ನೂರಾ ಹದಿನಾಲ್ಕನೆಯದು.
ಕಲ್ಲಿನ ಉಂಗುರ, ನಡುವೆ ಕೋಣೆ, ಮೇಲೆ ಮೂರು ಚಪ್ಪಡಿ.
ಒಂದು ಜರುಗಿದೆ.
‘ಕಳ್ಳನ ದಾರಿ,’ ಎಂದ ಶಫೀಕುಲ್, ಗುದ್ದಲಿ ಊರಿ.
ಅಲ್ಲಿ ಮಣ್ಣು ಮೆತ್ತಗೆ. ಅವನ ಅಂಗಾಲಿಗೆ ಮೊದಲು ತಿಳಿಯುತ್ತದೆ,
ಮುಕ್ಕಾಲಿಯ ಮೇಲಿನ ನನ್ನ ಯಂತ್ರಕ್ಕೆ ಆಮೇಲೆ.
ಅಂಗಾಲನ್ನು ಅಡಿಟಿಪ್ಪಣಿಯಲ್ಲಿ ಹಾಕುವುದು ಹೇಗೆ?

ಮೊಣಕಾಲು ಮಡಚಿ ಬಲಮಗ್ಗುಲಿಗೆ ಮಲಗಿಸುತ್ತಿದ್ದರು,
ಕೈ ಮುಖದ ಹತ್ತಿರ, ಸೆಕೆಗೆ ನಿದ್ದೆ ಬಾರದವರ ಹಾಗೆ.
ಇಲ್ಲಿ ಮುಖ ಇಲ್ಲ.
ಗೋಡೆಯ ಸಂದಿಯಲ್ಲಿ ಬೆರಳಿನ ಐದು ಎಲುಬು,
ಒಂದು ಕೆಂಪು ಮಣಿ. ಕಳ್ಳನ ಮುಷ್ಟಿಯಿಂದ ಜಾರಿದ್ದೋ,
ಅವನೇ ಯಾಕೋ ಬಿಟ್ಟುಹೋದದ್ದೋ.

‘ಸಿಕ್ಕಿದ್ದೇನು ಅಂತ ಕೇಳಲಿಲ್ಲ,’
ಬುತೈನಾ ಮೇಡಂ ಚಹಾ ಬಗ್ಗಿಸುತ್ತ ಅಂದರು,
‘ನಿನ್ನ ಪ್ರಶ್ನೆ ಏನು?’
ಹೋದ ತಿಂಗಳೂ ಇದನ್ನೇ ಅಂದಿದ್ದರು.

ನನ್ನ ಕೈಯಲ್ಲಿರುವುದು ಅಪ್ಪನ ಕರಣೆ.
ಹತ್ತೊಂಬತ್ತು ವರ್ಷ ಈ ದ್ವೀಪದಲ್ಲೇ ಗಾರೆ ಕೆಲಸ ಮಾಡಿ
ಗಂಗಾವತಿಗೆ ತಂದ ಪೆಟ್ಟಿಗೆಯಲ್ಲಿ
ಸೆಂಟು, ಕಂಬಳಿಗಳ ತಳದಲ್ಲಿತ್ತು.
ಮೂಗು ಸವೆದಿದೆ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ.
ಇಲಾಖೆ ಕೊಟ್ಟ ಹೊಸತಕ್ಕಿಂತ ಇದೇ
ಪದರದಿಂದ ಪದರ ಬಿಡಿಸುತ್ತದೆ.
‘ಹಚ್ಚಾಕ ಇರೋ ಕರಣಿನ ಕೆರ್ಯಾಕ ಹಚ್ಚೀಯಲ್ಲವಾ,’
ಶುಕ್ರವಾರದ ಫೋನಿನಲ್ಲಿ ಅಪ್ಪನ ನಗು.

ಆ ಶುಕ್ರವಾರ ಅವನಿಗೆ ಹಳೆಯ ನಕ್ಷೆ ಕಳಿಸಿದ್ದೆ,
ವಿಮಾನದಿಂದ ತೆಗೆದದ್ದು: ಹಮದ್ ಟೌನ್ ಇರುವಲ್ಲಿ
ಊರೇ ಇಲ್ಲ, ಸಿಡುಬಿನ ಕಲೆಯಂತೆ ದಿಬ್ಬಗಳು.
ಬಹಳ ಹೊತ್ತು ಸುಮ್ಮನಿದ್ದ. ಕೆಮ್ಮಿದ.
‘ರಸ್ತೆ ತಿರುವಿನಾಗ ಮೂರನೇ ವಿಲ್ಲಾ ನಮ್ಮ ಗ್ಯಾಂಗಿಂದು.
ಮುಂದ ಬುಲ್ಡೋಜರು, ಹಿಂದ ನಾವು.
ಅಡಿಗಿಮನಿ ಪಾಯಾದಾಗ ಒಂದು ಗಡಿಗಿ ಸಿಕ್ಕಿತ್ತು.
ಕೆಂಪಂದು. ಮೈತುಂಬ ಗೆರಿ.
ಒಳಗ ಬರೇ ಮಣ್ಣು.
ಫೋರ್ಮನ್ ಮುಚ್ಚು ಅಂದ. ಮುಚ್ಚಿದೆ.’
ಮತ್ತೆ, ನಾನು ಕೇಳದಿದ್ದರೂ:
‘ಒಡೀಲಿಲ್ಲವಾ.
ಸುತ್ತ ಮರಳು ತುಂಬಿ, ಮ್ಯಾಲೊಂದು ಹಾಸುಗಲ್ಲು ಇಟ್ಟೆ.
ಮೋರೇರ ಮನಿ ಗುಡ್ಡದಾಗ ಆಡಿ ಬೆಳದಾಂವ ನಾ,
ನನಗ ತಿಳೀದಿಲ್ಲೇನು?’

ಕ್ಷೇತ್ರ ಪುಸ್ತಕದಲ್ಲಿ ಬರೆದೆ:
ಮಾಹಿತಿದಾರರು, ಗಾರೆಯವರು, ವಯಸ್ಸು ಅರವತ್ತೆಂಟು.
ಸಂಶೋಧಕರಿಗೆ ಸಂಬಂಧ ಎಂಬ ಕಾಲಂ
ನಮ್ಮ ಫಾರಮ್ಮಿನಲ್ಲಿ ಇಲ್ಲ.
ಕಣ್ಣಿಗೆ ಕಾಣದ್ದಕ್ಕೆ ನಕ್ಷೆಯಲ್ಲಿ ಚುಕ್ಕಿಗೆರೆ, ಅದು ಪದ್ಧತಿ.
ಮೂರನೇ ವಿಲ್ಲಾದ ಮೇಲೆ
ಒಂದು ಪುಟ್ಟ ಚುಕ್ಕಿವೃತ್ತ ಎಳೆದೆ.
ಶೀರ್ಷಿಕೆಯಲ್ಲಿ ‘ಸಮಾಧಿ’ ಹೊಡೆದುಹಾಕಿ
ಬೇರೆ ಪದ ಹುಡುಕುತ್ತಿದ್ದೇನೆ,
ಬಂದು, ಮುಟ್ಟಿ, ಹೋದವರಿಗೆಲ್ಲ ಒಪ್ಪುವಂಥದು.

ಸಂಜೆ ಆ ರಸ್ತೆಗೆ ಹೋಗಿ ನಿಂತೆ.
ಗಿಲಾವು ಇನ್ನೂ ಗಟ್ಟಿ, ಒಂದು ಬಿರುಕಿಲ್ಲ.
ಫ್ಯಾನಿನ ತೂತಿನಿಂದ ಮೀನು ಹುರಿಯುವ ವಾಸನೆ.
ಕೆಲಸದಾಕೆ ಕಿಟಕಿ ಸರಿಸಿ, ಸಟ್ಟುಗ ಕೈಯಲ್ಲೇ ಹಿಡಿದು,
ಯಾರು ಬೇಕಿತ್ತು ಎಂದು ಹಿಂದಿಯಲ್ಲಿ ಕೇಳಿದಳು.
ಹೆಸರು ಗೊತ್ತಿಲ್ಲ, ಅಂದೆ.