ಎಡಚಿಯ ಬಲೆ

ಹರಿಹರದ ಹಳೇ ಪೇಟೆ, ಬುಡೇನ್ ಸಾಬರ ಅಂಗಡಿ.
ಹಗ್ಗ, ಜರಡಿ, ಎತ್ತಿನ ಮೂಗುದಾರಗಳ ನಡುವೆ
ಸೂರಿನ ಕೊಕ್ಕೆಗೆ ನೇತುಬಿದ್ದ ಏಳು ಬಲೆ.
"ಯಾರಿಗಮ್ಮಾ?" ಅಂದರು. "ನನಗೇ."
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು,
ನನ್ನನ್ನಲ್ಲ, ನನ್ನ ತೋಳಿನುದ್ದವನ್ನು.

ಮೊದಲು ತೆಗೆದದ್ದು ಎರಡು ಬೆರಳಿನ ಕಣ್ಣು.
ಬೇಡ. ಅದು ಕಾಟ್ಲಾದ ಬಲೆ, ತೂಕಕ್ಕೆ ಮಾರುವವರದ್ದು.
ನನಗೆ ಬೇಕಾದದ್ದು ಎರೆಮೀನು: ಪಕ್ಕೆ, ಸಸಲು,
ಗಾಳಕ್ಕೆ ಚುಚ್ಚಿದ ಮೇಲೂ ಬೆಳಗಿನವರೆಗೆ
ಬಾಲ ಆಡಿಸಬೇಕಾದ ಜೀವಗಳು.
ಕಣ್ಣು ದೊಡ್ಡದಾದರೆ ಕಿವಿರು ಸಿಕ್ಕಿ ಸಾಯುತ್ತವೆ,
ಸತ್ತದ್ದನ್ನು ಬಾಳೆಮೀನು ಮೂಸಿಯೂ ನೋಡದಂತೆ, ಮಾವನ ಮಾತು.

ಕಿರುಬೆರಳು ತೂರಿಸಿದೆ. ಉಗುರಿನವರೆಗೆ ಹೋಗಿ
ನಿಂತಿತು. ಇದೇ.
ಆದರೆ ಸಣ್ಣ ಕಣ್ಣಿನ ಬಲೆ ನೀರಲ್ಲಿ ಸೋಮಾರಿ,
ಅದು ಮುಳುಗುವಷ್ಟರಲ್ಲಿ ಮೀನು
ಆಚೆ ದಡದ ನೆಂಟರನ್ನು ಮಾತಾಡಿಸಿ ಬಂದಿರುತ್ತದೆ.
ಅಂಚಿನ ಸೀಸ ಎಣಿಸಿದೆ. ಗೇಣಿಗೆ ನಾಲ್ಕು.
"ಆರು ಹಾಕಿಸಿ ಕೊಡಿ."
"ಉಚ್ಚೆಂಗೆಪ್ಪ ಕಳಿಸಿದ್ದಾ?" ಅಂದರು ಸಾಬರು,
"ಗೇಣಿಗೆ ಆರು ಕೇಳೋನು ಈ ಊರಾಗೆ ಅವನೊಬ್ಬನೇ."

*

ಬಲೆಯನ್ನು ಬಲಗೈಯವರೇ ಹುಟ್ಟಿಸಿರಬೇಕು,
ಹೆಸರಲ್ಲೇ ಇದೆಯಲ್ಲ.
ಅಣ್ಣ ಮಾವನ ಬೆನ್ನ ಹಿಂದೆ ನಿಂತು ಕಲಿತ,
ನೆರಳು ಕಲಿತಂತೆ.
ನಾನು ಎಡಚಿ. ಹಿಂದೆ ನಿಂತರೆ ಎಲ್ಲ ತಿರುವುಮುರುವು.
ಒಂದು ದಿನ ಮಾವ ನನ್ನನ್ನು ಮೊಣಕಾಲು ನೀರಿಗಿಳಿಸಿ
ತನ್ನೆದುರು ನಿಲ್ಲಿಸಿಕೊಂಡ.
"ಕನ್ನಡಿ ನೋಡ್ಕೊಂಡು ಬೈತಲೆ ತೆಗಿತೀಯಲ್ಲ,
ಹಂಗೇ ನೋಡು."
ಅವನ ಬಲ ನನ್ನ ಎಡ.

ಕುಣಿಕೆ ಬಲ ಮಣಿಕಟ್ಟಿಗೆ. ಹಗ್ಗದ ಸುರುಳಿ ಅದೇ ಮುಷ್ಟಿಗೆ.
ಮೂರರಲ್ಲೊಂದು ಪಾಲು ಎಡ ಮೊಣಕೈ ಮೇಲೆ,
ಒಣಗಿದ ಸೀರೆ ಎತ್ತಿ ತಂದ ಹಾಗೆ.
ಅಂಚಿನ ಒಂದು ಗುಂಡು ಹಲ್ಲಿಗೆ.
ಸೀಸದ ರುಚಿ ಗೊತ್ತಾ? ಹಳೇ ಕೀಲಿಕೈಯನ್ನು
ಮಜ್ಜಿಗೆಯಲ್ಲಿ ಅದ್ದಿ ನೆಕ್ಕಿದ ಹಾಗೆ.
ಹೊತ್ತಿಗೆ ಸರಿಯಾಗಿ ಹಲ್ಲು ಬಿಡಬೇಕು.
ಬಿಡದಿದ್ದರೆ? ಅಂತ ಕೇಳಿದ್ದಕ್ಕೆ
ಮಾವ ನಕ್ಕು ತೋರಿಸಿದ, ಮೇಲ್ಸಾಲಿನ ಕಿಂಡಿ.

ಆ ಬೇಸಿಗೆಯೆಲ್ಲ ನಾನೆಸೆದದ್ದು ಕೆಟ್ಟ ತಿಂಡಿಗಳು.
"ಕೋಡುಬಳೆ." "ಇದು ಅರ್ಧ ರೊಟ್ಟಿ."
ಬಿಚ್ಚದೆ ಉದ್ದಕ್ಕೆ ಬಿದ್ದರೆ
"ಮಿರ್ಚಿ ಆತಲ್ಲೇ! ಮಂಡಕ್ಕಿ ತಗಂಬಾ!"
ದಡದಲ್ಲಿ ಬಟ್ಟೆ ಒಗೆಯುವವರೂ ನಗುತ್ತಿದ್ದರು.

*

ಈಗ ಮಾವನ ಬಲಗೈ ಎತ್ತಿದರೆ ಎದೆಮಟ್ಟ,
ಬೆರಳಿಗೆ ಹಿಡಿತವಿಲ್ಲ.
ಅಣ್ಣ ದಾವಣಗೆರೆಯ ಮಂಡಕ್ಕಿ ಭಟ್ಟಿ ಸೇರಿ
ತಿಂಗಳಿಗೊಂದು ಚೀಲ ಪುಡಿ ಕಳಿಸುತ್ತಾನೆ,
ಮೀನಿಗೆ. ನಮಗಂತ ಒಂದು ಸೇರೂ ಕಳಿಸಿದವನಲ್ಲ.

ಸಂಜೆ ಐದೂವರೆ, ಹಳೇ ಸೇತುವೆಯ ಕೆಳಗಿನ ಮಡು.
ಎರಡು ಹಿಡಿ ಪುಡಿ ಚೆಲ್ಲಿದೆ. ಹೊಳೆ ಸ್ವಲ್ಪ ಹೊತ್ತು
ಏನೂ ಗೊತ್ತಿಲ್ಲದವರ ಹಾಗಿತ್ತು.
ಆಮೇಲೆ ಚುಟು ಚುಟು, ಒಗ್ಗರಣೆಗೆ ಸಾಸಿವೆ ಬಿದ್ದಂತೆ.
"ತಡಿ," ಅಂದ ಮಾವ ಎದುರಿನ ಬಂಡೆಯಿಂದ,
"ಬಾಯಿ ರುಚಿ ಹತ್ಲಿ."

ಬಲೆ ಹೊಸದು, ಬಿಗಿ, ಇನ್ನೂ ಅಂಗಡಿಯ ವಾಸನೆ.
ಸೊಂಟ ತಿರುಗಿಸಿದೆ. ನೀರನ್ನು ನೋಡಬೇಕಿತ್ತು,
ನೋಡಿದ್ದು ಮಾವನ ಮುಖವನ್ನು.
ಬೀಡಿಯಿಲ್ಲದ ಬಾಯಲ್ಲಿ ಏನನ್ನೋ ಕಚ್ಚಿ ಹಿಡಿದಿದ್ದ,
ದವಡೆ ಬಿಗಿದಿತ್ತು, ಏಳದ ಭುಜ ಅಂಗಿಯೊಳಗೆ
ಏಳಲು ನೋಡುತ್ತಿತ್ತು.
ಬಾಯಿ ಪಟ್ಟನೆ ತೆರೆಯಿತು. ಕಿಂಡಿ ಕಂಡಿತು.
ಬಿಟ್ಟೆ.

ದುಂಡಗೇನೂ ಬೀಳಲಿಲ್ಲ, ಒಂದು ಕಡೆ ಕಚ್ಚಿದ ರೊಟ್ಟಿ.
ಸೀಸಗಳು ಮಾತ್ರ ಒಟ್ಟಿಗೆ ತಾಗಿದವು,
ಹಿಡಿ ಕಡಲೆ ಮೊರಕ್ಕೆ ಸುರಿದ ಸದ್ದು.
ಎಳೆಯುವಾಗ ಹಗ್ಗದಲ್ಲಿ ಮಣಿಕಟ್ಟಿಗೆ ಬಂತು ಸುದ್ದಿ,
ಸಣ್ಣ ಸಣ್ಣದು, ಹಲವು.

ಪೇಂಟ್ ಡಬ್ಬಿಯಲ್ಲಿ ಹದಿನಾಲ್ಕು ಪಕ್ಕೆ, ಮೂರು ಸಸಲು,
ಒಂದು ಸೀಗಡಿ, ಅದನ್ನು ಮಾವ ಹೊಳೆಗೇ ಹಾಕಿದ.
ಒಂದರ ಪೊರೆಯೂ ಉದುರಿಲ್ಲ.
"ಎಷ್ಟು ಕೊಟ್ಟಿ ಬಲೆಗೆ?"
ಹೇಳಿದೆ.
"ಮೋಸ ಹೋದಿ," ಅಂದ, ಗಾಳಗಳ ಸಿಕ್ಕು ಬಿಡಿಸುತ್ತ,
ಎಡಗೈಯಲ್ಲಿ, ನಿಧಾನಕ್ಕೆ, ತಪ್ಪು ತಪ್ಪಾಗಿ.
ನಾನು ಎದುರಿನಿಂದ ಎದ್ದು
ಅವನ ಪಕ್ಕಕ್ಕೆ ಹೋಗಿ ಕೂತೆ.