ಹೆಸರಿನ ಕಾಲಂ

"ಮಗುವಿನ ಹೆಸರು?"
"ರೋಜೇ."
ತಲೆ ಎತ್ತದೆ ಒತ್ತಿದೆ. ಕಂಪ್ಯೂಟರು ತಾನೇ ತಿದ್ದಿ
ರೋಜಾ ಅಂದಿತು.
"ಹೂ ಅಲ್ರಿ ಸಾರ್, ಇಬ್ಬನಿ.
ಫ್ರೆಂಚಿನಾಗ ಹಂಗ ಅಂತಾರಂತ."

ಬಳ್ಳಾರಿಯಲ್ಲಿ, ಏಪ್ರಿಲ್ಲಿನಲ್ಲಿ,
ಬೆಳಗಿನ ಹತ್ತಕ್ಕೇ ಕೋಟೆಯ ಗುಡ್ಡ
ಕಾದ ಹಂಚಾಗಿ ಕೂತಿರುವಾಗ
ಇಬ್ಬನಿ!

ಕೌಲ್ ಬಜಾರಿನ ಹಿಂದೆ ಜೀನ್ಸ್ ಹೊಲಿಯುವ ಕೆಲಸವಂತೆ.
ಬಸುರಿಯಿದ್ದಷ್ಟೂ ದಿನ ಸೊಂಟದ ಪಟ್ಟಿಗೆ
ಅದೇ ಒಂದು ಚೀಟಿ ಕೂರಿಸಿದ್ದು,
ದಿನಕ್ಕೆ ನಾನೂರು.
ಕೂಸಿನ ಕುಲಾವಿ ಸರಿಮಾಡಿದ ಬೆರಳು
ಇನ್ನೂ ನೀಲಿ.
ಅರ್ಥ ಹೇಳಿದ್ದು ಮಾಲೀಕರ ಮಗಳು,
ಫೋನು ನೋಡಿ.

ಹಿಂದೆ ನಿಂತ ಅತ್ತೆ ಮೌಲಾಬೀಗೆ
ಯಾವ ಅನುಮಾನವೂ ಇಲ್ಲ:
"ರಂಜಾನ್ ತಿಂಗಳ ಕೂಸು,
ಉಪಾಸದ ಹೆಸರ ಇಟ್ಟೀವಿ, ಬರಕೋರಿ."

ಸೊಸೆ ನನ್ನ ಮುಖ ನೋಡಿದಳು.
ನಾನು ಬಾಯಿ ಬಿಡಲಿಲ್ಲ.
ನಮೂನೆಯಲ್ಲಿ ಅರ್ಥಕ್ಕೆ ಕಾಲಂ ಇಲ್ಲ.
ಅಳಿಸಿ, ಏತ್ವ ಕೊಟ್ಟು,
ಎರಡು ಪ್ರತಿ ತೆಗೆದುಕೊಟ್ಟೆ.

ರಾತ್ರಿ ಪ್ಯಾಂಟು ಮೊಳೆಗೆ ಹಾಕುವಾಗ
ಸೊಂಟದ ಪಟ್ಟಿ ಹೊರಳಿಸಿ ನೋಡಿದೆ.
ಎರಡು ವರ್ಷ ಬೆನ್ನು ಕೆರೆದ ಚೀಟಿ.
ಏನೋ ಬರೆದಿದೆ.
ಕನ್ನಡಕ ಎಲ್ಲಿಟ್ಟೆ?