ಪೂರ್ತಿ ಹೆಸರು

ಬೋಟುಗಳಿಗೆ ರಜೆ. ಮಲ್ಪೆ ಬಂದರಿನಲ್ಲಿ
ಒಂದರ ಪಕ್ಕೆಗೊಂದು ಒರಗಿ ನರಳುತ್ತವೆ,
ಜೂನ್ ತಿಂಗಳ ಆಸ್ಪತ್ರೆಯ ವರಾಂಡದ ಹಾಗೆ.
ಊರಿಗೆ ಹೋಗುವವರು ರೈಲು ಹತ್ತಿಯಾಗಿದೆ.
ಹೋಗದ ಹನ್ನೊಂದು ಮಂದಿ
ಬೋಟು ಕಾಯುತ್ತಾರೆ, ಕುಚ್ಚಲಕ್ಕಿ ಬೇಯಿಸುತ್ತಾರೆ,
ರೀಚಾರ್ಜ್ ಮುಗಿದ ಫೋನನ್ನು ಮಗುಚಿ ಮಲಗಿಸುತ್ತಾರೆ.

ಮಣಿಪಾಲದಿಂದ ಶಾಂಭವಿ ಮೇಡಂ ಬಂದರು,
ಹೆಗಲಿಗೆ ಬಟ್ಟೆಚೀಲ, ಕೈಯಲ್ಲಿ ಮೈಕು.
"ಇವರ ದನಿ ಊರಿಗೆ ಕೇಳಿಸಬೇಕು, ನಾಟಕ ಮಾಡೋಣ."
ನನಗೆ ಹಿಂದಿ ಬರುತ್ತದೆ,
ಮುಂಬೈಯ ಹೋಟೆಲಿನಲ್ಲಿ ಆರು ವರ್ಷ ಲೋಟ ತೊಳೆದ ಹಿಂದಿ.
ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕ ಮುಚ್ಚಿಟ್ಟು
ದಿನಕ್ಕೆ ಐನೂರರ ಹಾಗೆ ದುಭಾಷಿಯಾದೆ.

ಬಲೆಯ ಶೆಡ್ಡಿನಲ್ಲಿ ಸುತ್ತ ಕೂತೆವು.
"ಮನೆಯಿಂದ ತಂದ ಒಂದು ವಸ್ತು ತೋರಿಸಿ."
ಒಬ್ಬ ಕೊಳಲು ತಂದ,
ಒಬ್ಬ ಅಕ್ಕ ಹೊಲಿದುಕೊಟ್ಟ ದಿಂಬಿನ ಚೀಲ.
ಅವನು ತಂದದ್ದು ಆಧಾರ್ ಕಾರ್ಡು,
ಮೂರು ಸುತ್ತು ಪ್ಲಾಸ್ಟಿಕ್ಕು, ಮೇಲೊಂದು ರಬ್ಬರ್ ಬ್ಯಾಂಡು.
"ಇದಲ್ಲಪ್ಪ, ಮನಸ್ಸಿಗೆ ಹತ್ತಿರದ್ದು," ಎಂದು ಮೇಡಂ ನಕ್ಕರು.
ಅವನು ಬನಿಯನ್ ಎತ್ತಿದ.
ಕಾರ್ಡು ಕಟ್ಟಿಕೊಳ್ಳುವ ಜಾಗದಲ್ಲಿ
ಬೆವರು ಕೂತು ಚರ್ಮ ಬಿಳಿಚಿತ್ತು.

ಹಿಂದಿಯಲ್ಲಿ ನಾಲ್ಕೇ ಮಾತು ಆಡಿದ.
ನಾನು ಕನ್ನಡಕ್ಕೆ ತರುವಾಗ ನಲವತ್ತಾಯಿತು,
ತಾಯಿ, ಮಣ್ಣು, ಕಣ್ಣೀರು ಎಲ್ಲ ಸೇರಿಕೊಂಡವು.
ಮೇಡಂ ಬರೆದುಕೊಂಡರು.
ಕನ್ನಡ ಬಾರದವನಿಗೂ ಉದ್ದ ತಿಳಿಯುತ್ತದೆ;
ತಕ್ಕಡಿಗೆ ಬೆರಳು ತಾಗಿಸಿದವನನ್ನು ನೋಡುವ ಹಾಗೆ
ನನ್ನನ್ನು ನೋಡಿದ.

ಕಡಲಿಗೆ ನಿಮ್ಮಲ್ಲಿ ಏನನ್ನುತ್ತಾರೆ?
"ನಮ್ಮಲ್ಲಿ ಕಡಲಿಲ್ಲ. ನಾನು ದಃ ಅನ್ನುತ್ತೇನೆ. ನೀರು."
ಹೆಸರು?
"ಇಲ್ಲಿ ರಾಜು."
ಬರೆದದ್ದು ನಾನೇ. ಒಂದೇ ಬೋಟಿಗೆ ಮೂವರು:
ರಾಜು ಒಂದು, ರಾಜು ಎರಡು, ಇವನು ರಾಜು ಮೂರು.
ಕರೆಯಲು ಸಲೀಸು, ಗೆರೆಯೊಳಗೆ ಹಿಡಿಸುತ್ತದೆ.
ನನ್ನನ್ನು ಅಲ್ಲಿ "ಏ ಮದ್ರಾಸಿ" ಎಂದು ಕರೆದವರೂ
ಕೆಟ್ಟವರೇನಲ್ಲ. ಗಿರಾಕಿಗಳು ಜಾಸ್ತಿ, ಅವಸರವಿತ್ತು.

ಜುಲೈ ಕೊನೆಯ ಭಾನುವಾರ, ಸೊಸೈಟಿಯ ಹಾಲು.
ಮುಂದಿನ ಸಾಲಿನಲ್ಲಿ ಮೀನು ಮಾರುವ ಹೆಂಗಸರು,
ಹಿಂದೆ ಧಣಿಗಳು, ಬಾಗಿಲಲ್ಲಿ ಕಾಲೇಜು ಮಕ್ಕಳು.
ಪೊಲೀಸನ ಪಾತ್ರಕ್ಕೆ ಜನ ಸಿಗದೆ ನನ್ನನ್ನೇ ಹಾಕಿದ್ದರು.
ಬಾಡಿಗೆಯ ಟೊಪ್ಪಿ ಕಣ್ಣಿನ ತನಕ ಇಳಿಯುತ್ತಿತ್ತು.

"ಬಾಂಗ್ಲಾದವನಾ? ಪೂರ್ತಿ ಹೆಸರು ಹೇಳು!"
"ಪೂರ್ತಿ."
"ಪೂರ್ತಿ ಹೇಳೋ!"
"ಪೂರ್ತಿ."
ಹಾಲು ಬಿದ್ದು ಬಿದ್ದು ನಕ್ಕಿತು.
ಮೂರನೆಯ ಸಲ ನಾನು ಹೊಡೆಯಬೇಕು, ದೀಪ ಆರಬೇಕು.
ಎತ್ತಿದ ಕೈ ಹಾಗೆಯೇ ನಿಂತಿತು.
ಅವನು ಮೈಕನ್ನು ನೆಲಕ್ಕಿಟ್ಟು
ಮುಂದಿನ ಸಾಲಿಗೆ ನಡೆದ.
"ಜೋಂಗಾ ಪೂರ್ತಿ," ಅಂದ.
ನೀವು ಹೇಳಿ ಎಂಬಂತೆ ಕೈ ಚಾಚಿದ.

ಕೆಮ್ಮು. ಕುರ್ಚಿ ಸರಿದ ಸದ್ದು. ತಗಡಿನ ಮೇಲೆ ಮಳೆ.
ಆಮೇಲೆ ಅಪ್ಪಿ ಮರಕಾಲ್ತಿ, ಬಾಯಲ್ಲಿ ಎಲೆ ಇಟ್ಟುಕೊಂಡೇ,
"ದಾದ? ಕುಡೊರ ಪಣ್ಲ ಮಗ."
"ಜೋಂಗಾ."
"ಚೋಂಗ."
"ಜೋಂಗಾ."
ಎಲೆ ಉಗುಳಿ ಬಂದು ಮತ್ತೆ ಕೂತಳು. "ಜೋಂಗಾ."
ಪಕ್ಕದವಳಿಗೆ ಅವಳೇ ಹೇಳಿಕೊಟ್ಟಳು.
ದೀಪದ ಹುಡುಗನಿಗೆ
ಯಾವಾಗ ಆರಿಸಬೇಕೆಂದು ಗೊತ್ತಾಗಲಿಲ್ಲ.

ಆಗಸ್ಟ್ ಒಂದು. ಐಸ್ ತುಂಬಿ ಬೋಟು ಹೊರಟಿತು.
ಪುಸ್ತಕ ತೆರೆದು ರಾಜು ಮೂರನ್ನು ಹೊಡೆದು ಹಾಕಿ
ಬಿಡಿಸಿ ಬರೆದೆ. ಹೆಸರು ಗೆರೆ ದಾಟಿ
ಮುಂಗಡದ ಕಾಲಮ್ಮಿಗೆ ಕಾಲು ಚಾಚಿತು.
ಸಂಜೆ ಧಣಿ ಕನ್ನಡಕ ಏರಿಸಿ ಬೆರಳಿಟ್ಟು ಕೇಳಿದರು,
"ಇದೇನು ಪೂರ್ತಿ? ಇವನ ಬಾಕಿ ಚುಕ್ತಾ ಆಯಿತಾ?"

ಇಲ್ಲ ಧಣಿ, ಅದು ಹೆಸರು.
ಬಾಕಿ ಹಾಗೆಯೇ ಉಂಟು.